ಪಯಣದ ಕಥೆಗಳ ಮೂಲಕ ಮಕ್ಕಳಿಗೆ ಚೀನೀ: ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ಸಂಜೆ ಮೈಸೂರಿನ ನಮ್ಮ ಮನೆ ಜಗಲಿಯಲ್ಲಿ ಬೀದಿಯ ಹತ್ತು ಹನ್ನೆರಡು ಮಕ್ಕಳು ಸೇರುತ್ತಾರೆ. ಯಜಮಾನರ ಕೆಲಸದ ನೆಪದಲ್ಲಿ ಎರಡು ವರ್ಷ ಚೀನಾದ ಶಿಆನ್ ಊರಿನಲ್ಲಿದ್ದು ಬಂದವಳು ನಾನು. ಬರುವಾಗ ತಂದ ಟೀ ಪುಡಿ ಎಂದೋ ಮುಗಿಯಿತು, ಕಥೆಗಳು ಮಾತ್ರ ಇನ್ನೂ ಮುಗಿದಿಲ್ಲ. ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪ-ಅಮ್ಮಂದಿರು ಗೇಟಿನ ಹತ್ತಿರ ನಿಂತು ಕೇಳಿದ್ದು, ದೂರದೂರಿನ ನೆಂಟರು ಫೋನಿನಲ್ಲಿ ಕೇಳಿದ್ದು, ಕಾಗದ ಬರೆದು ಕೇಳಿದ್ದು, ಎಲ್ಲ ಇಲ್ಲಿ ಒಟ್ಟಿಗಿದೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರು ಮಾಡುವ ಮೊದಲು

ನನಗ ಚೀನೀ ಒಂದಕ್ಷರ ಬರಂಗಿಲ್ರಿ. ನಾ ಹ್ಯಾಂಗ ಮಕ್ಕಳಿಗೆ ಕಲಸ್ಲಿ?

ಕಲಿಸುವ ಹೊಣೆ ಹೊತ್ತುಕೊಳ್ಳಬೇಡಿ, ಕಥೆ ಹೇಳಿ ಸಾಕು. ಕಥೆ ಪೂರ್ತಿ ನಿಮ್ಮ ಧಾರವಾಡದ ಕನ್ನಡದಲ್ಲೇ ಇರಲಿ. ಅದರೊಳಗೆ ಒಂದೋ ಎರಡೋ ಚೀನೀ ಪದ, ಅದೂ ಕಥೆಯಲ್ಲಿ ಯಾರಿಗಾದರೂ ಜೀವ ಹೋಗುವಷ್ಟು ಬೇಕಾದ ವಸ್ತುವಿನ ಹೆಸರು. ಬಾಯಾರಿ ಸಾಯುವವನಿಗೆ ನೀರು, ದಾರಿ ತಪ್ಪಿದವನಿಗೆ ಕುದುರೆ. ಪಟ್ಟಿ ಮಾಡಿ ಉರು ಹೊಡೆಸಿದ ಇಪ್ಪತ್ತು ಪದಗಳು ಮುಂದಿನ ವಾರಕ್ಕೆ ಉಳಿಯುವುದಿಲ್ಲ. ದಾರಿಯಲ್ಲಿ ಸಿಕ್ಕ ಎರಡು ಪದ ಉಳಿಯುತ್ತವೆ. ಉಚ್ಚಾರಣೆಯನ್ನು ಫೋನಿನ ಅನುವಾದ ಆ್ಯಪ್‌ನಲ್ಲಿ ಮೊದಲೇ ನಾಲ್ಕು ಸಲ ಕೇಳಿಸಿಕೊಂಡಿರಿ. ತಪ್ಪಿದರೆ ಮಕ್ಕಳೇ ತಿದ್ದುತ್ತಾರೆ, ಅದಕ್ಕಿಂತ ಖುಷಿ ಅವರಿಗೆ ಬೇರೆ ಇಲ್ಲ.

ರಾಮಾಯಣ, ಪಂಚತಂತ್ರ ಎಲ್ಲ ಇರುವಾಗ ಚೀನಾ ಕಥೆ ಯಾಕಮ್ಮ?

ಇದನ್ನು ಕೇಳುವವರು ಹೆಚ್ಚಾಗಿ ಅಜ್ಜಿಯರು. ರಾಮಾಯಣ ಬಿಡಿ ಅಂತ ನಾನೆಲ್ಲಿ ಹೇಳಿದೆ? ಅದು ಅನ್ನ, ಇದು ಪಕ್ಕದ ಮನೆಯಿಂದ ಬಂದ ಪಲ್ಯ. ಆ ಪಲ್ಯದಲ್ಲಿ ನಮ್ಮ ಮನೆ ಒಗ್ಗರಣೆಯೂ ಇದೆ ಅನ್ನುವುದು ಬೇರೆ ಮಾತು. ಬಾದಾಮಿಯ ಇಮ್ಮಡಿ ಪುಲಕೇಶಿಯ ನಾಡನ್ನು ಕಣ್ಣಾರೆ ಕಂಡು ಬರೆದಿಟ್ಟ ವಿದೇಶಿ ಒಬ್ಬ ಚೀನೀ ಭಿಕ್ಷು, ನಮ್ಮ ಸಮಾಜ ಪುಸ್ತಕದ ಹ್ಯೂಯೆನ್ ತ್ಸಾಂಗ್. ಉತ್ತರದ ಹರ್ಷನಿಗೆ ತಲೆಬಾಗದ ಜನ ಇವರು, ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಕೆಣಕಿದವರನ್ನು ಬಿಡುವುದಿಲ್ಲ, ಸೇಡು ತೀರಿಸಿಕೊಳ್ಳುವ ಮುಂಚೆ ಎದುರಾಳಿಗೆ ತಿಳಿಸಿಯೇ ಹೋಗುತ್ತಾರೆ ಎಂದೆಲ್ಲ ಬರೆದ. ಯುದ್ಧಕ್ಕೆ ಹೊರಡುವ ಆನೆಗಳಿಗೆ ಹೆಂಡ ಕುಡಿಸುತ್ತಿದ್ದರು ಅನ್ನುವುದೂ ಅವನು ಹೇಳಿದ್ದೇ. ನಮ್ಮ ಜಗಲಿಯಲ್ಲಿ ಅಮಲೇರಿದ ಆನೆಯ ನಟನೆ ಅರ್ಧ ಗಂಟೆ ನಡೆಯಿತು. ಆಮೇಲೆ ಬಾದಾಮಿ ಎಲ್ಲಿದೆ ಅಂತ ನಕ್ಷೆ ಹುಡುಕಿದ್ದು ಅವರೇ.

ಎಷ್ಟನೇ ವಯಸ್ಸಿಗೆ ಶುರು ಮಾಡಬಹುದು?

ಕಥೆಗೆ ನಾಲ್ಕು ವರ್ಷ ಆಗಿದ್ದರೆ ಸಾಕು. ಅಕ್ಷರಕ್ಕೆ ಅವಸರ ಬೇಡ, ಕನ್ನಡದ ಕಾಗುಣಿತ ಕೈಗೆ ಕೂತ ಮೇಲೆ ನೋಡಿ. ಕಿವಿಗೆ ಮಾತ್ರ ಎಷ್ಟು ಬೇಗ ಬಿದ್ದರೂ ಒಳ್ಳೆಯದು.

ಅಷ್ಟೊಂದು ಪ್ರವಾಸಿಗರಲ್ಲಿ ಯಾರಿಂದ ಶುರು ಮಾಡ್ಲಿ?

ನನ್ನ ಮೊದಲ ಕಥೆ ಯಾವಾಗಲೂ ಹ್ಯೂಯೆನ್ ತ್ಸಾಂಗನ ಮರುಭೂಮಿ. ನಳಂದ, ಹರ್ಷ, ಗ್ರಂಥಗಳ ಲೆಕ್ಕ ಎಲ್ಲ ಆಮೇಲೆ ಬರಲಿ.

ಕ್ರಿ.ಶ. 629ರ ಸುಮಾರು. ದೇಶ ಬಿಟ್ಟು ಹೋಗಲು ಅರಮನೆಯ ಅಪ್ಪಣೆ ಇಲ್ಲ, ಆದರೂ ಭಿಕ್ಷು ಕದ್ದು ಹೊರಟಿದ್ದಾನೆ. ದಾರಿಯಲ್ಲಿ ಒಬ್ಬ ಮುದುಕ ಸಿಗುತ್ತಾನೆ. 'ನಿನ್ನ ಹುರುಪಿನ ಕುದುರೆ ಮರಳುಗಾಡಿಗೆ ಆಗಲ್ಲ. ನನ್ನ ಈ ಬಡಕಲು ಕೆಂಪು ಕುದುರೆ ತಗೋ. ಆ ದಾರಿಯಲ್ಲಿ 15 ಸಲ ಹೋಗಿ ಬಂದಿದೆ' ಅನ್ನುತ್ತಾನೆ. ಭಿಕ್ಷು ಕುದುರೆ ಬದಲಾಯಿಸಿಕೊಳ್ಳುತ್ತಾನೆ. ಮಕ್ಕಳಿಗೆ ಇದು ಶುದ್ಧ ಮೋಸ ಅನ್ನಿಸುತ್ತದೆ, ಅನ್ನಿಸಲಿ ಬಿಡಿ. ಮುಂದೆ ಕಾವಲು ಗೋಪುರದ ಬಳಿ ನೀರು ತುಂಬಿಕೊಳ್ಳಲು ಹೋದರೆ ಕತ್ತಲಲ್ಲಿ ಬಾಣ ಸುಂಯ್ ಅನ್ನುತ್ತದೆ. ಹೇಗೋ ದಾಟಿಕೊಂಡು ಮರಳಿಗೆ ಇಳಿಯುತ್ತಾನೆ. ಅಲ್ಲಿ, ಕುಡಿಯಲು ಎತ್ತಿದ ಚರ್ಮದ ನೀರಿನ ಚೀಲ ಕೈಜಾರಿ ಬೀಳುತ್ತದೆ.

ಇಷ್ಟು ಹೇಳಿ, ನಡುವೆ ಇಟ್ಟ ತುಂಬಿದ ಚೊಂಬನ್ನು ನಾನು ನಿಜವಾಗಿಯೂ ಉರುಳಿಸಿಬಿಡುತ್ತೇನೆ. ನೀರು ಜಗಲಿಯ ಕೆಂಪು ನೆಲದ ಮೇಲೆ ಹರಿದು ಮೆಟ್ಟಿಲು ಇಳಿಯುವವರೆಗೂ ಯಾರೂ ಮಾತಾಡುವುದಿಲ್ಲ. ಆ ಮೌನದಲ್ಲಿ 'ಷ್ವೇಯ್' ಅನ್ನುತ್ತೇನೆ. ನೀರು. ಅರ್ಥ ಹೇಳುವ ಪ್ರಮೇಯವೇ ಬಂದಿಲ್ಲ ಇದುವರೆಗೆ.

ಭಿಕ್ಷು ಹಿಂದಕ್ಕೆ ತಿರುಗುತ್ತಾನೆ, ಸ್ವಲ್ಪ ದೂರ ಬಂದೂ ಬರುತ್ತಾನೆ. ಆಮೇಲೆ, ಪೂರ್ವಕ್ಕೆ ಮರಳಿ ಬದುಕುವುದಕ್ಕಿಂತ ಪಶ್ಚಿಮಕ್ಕೆ ನಡೆದು ಸಾಯುವುದೇ ಮೇಲು ಅಂದುಕೊಂಡು ಕುದುರೆ ತಿರುಗಿಸುತ್ತಾನೆ. ನಾಲ್ಕು ರಾತ್ರಿ, ಐದು ಹಗಲು ಹನಿ ನೀರಿಲ್ಲ. ಕೊನೆಗೆ ಆ ಬಡಕಲು ಕುದುರೆ ಲಗಾಮಿಗೂ ಬಗ್ಗದೆ ತನ್ನ ಪಾಡಿಗೆ ಬೇರೆ ದಿಕ್ಕು ಹಿಡಿಯುತ್ತದೆ. ಹೋಗಿ ನಿಂತಲ್ಲಿ ಹಸಿರು ಹುಲ್ಲು, ಪಕ್ಕದಲ್ಲಿ ಕೊಳ. ಕುದುರೆಗೆ 'ಮಾ'. ಎರಡು ಪದ ಆಯಿತು, ಕಥೆಯೂ ಮುಗಿಯಿತು. ಆ ರಾತ್ರಿ ಎದುರು ಮನೆ ಹುಡುಗ ಎರಡು ಲೋಟ 'ಷ್ವೇಯ್' ಕುಡಿದು ಮಲಗಿದನಂತೆ. ಹಾಸಿಗೆ ಒಗೆಯಬೇಕಾಯಿತು ಅಂತ ಅವನಮ್ಮ ಬೆಳಿಗ್ಗೆ ನನಗೆ ಬೈದರು.

## ಕಥೆಗಳ ಬಗ್ಗೆ

ಪಠ್ಯಪುಸ್ತಕದಲ್ಲಿ ಹ್ಯೂಯೆನ್ ತ್ಸಾಂಗ್, ಬೇರೆ ಕಡೆ ಶುವಾನ್‌ಝಾಂಗ್. ಇಬ್ಬರೂ ಒಬ್ಬನೇನಾ?

ಒಬ್ಬನೇ. ಚೀನೀ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವ ಹಳೆಯ ಪದ್ಧತಿಗಳಿಂದ ನಮ್ಮ ಪಠ್ಯಕ್ಕೆ ಒಂದು ರೂಪ ಬಂತು. 1958ರಲ್ಲಿ ಚೀನಾ ಒಪ್ಪಿಕೊಂಡ ಪಿನ್‌ಯಿನ್ ಪದ್ಧತಿಯನ್ನು ಇಂಗ್ಲಿಷಿನಂತೆ ಓದಿದ್ದರಿಂದ ಇನ್ನೊಂದು ಬಂತು. ಚೀನೀಯರ ಬಾಯಲ್ಲಿ ಅದು ಸುಮಾರಾಗಿ 'ಶ್ವೆನ್‌ತ್ಸಾಂಗ್'. ಪರೀಕ್ಷೆಗೆ ಪಠ್ಯದಲ್ಲಿರುವಂತೆಯೇ ಬರೆಯಲಿ, ಅಂಕ ಮುಖ್ಯ.

ಟಿವಿಲಿ ಬರೋ ಸನ್ ವುಕಾಂಗ್ ನಮ್ಮ ಹನುಮಂತನೇ ಅಲ್ವಾ ಆಂಟಿ?

ಹ್ಯೂಯೆನ್ ತ್ಸಾಂಗನ ಪಯಣ ಜನರ ಬಾಯಲ್ಲಿ ಬೆಳೆದು ಬೆಳೆದು, 16ನೇ ಶತಮಾನದ ಹೊತ್ತಿಗೆ ನೂರು ಅಧ್ಯಾಯಗಳ ಅದ್ಭುತ ಕಾದಂಬರಿಯಾಯಿತು. ಅದರಲ್ಲಿ ಭಿಕ್ಷುವಿಗೆ ಕಾವಲಾಗಿ ಬರುವ ಕಪಿ ಈ ಸನ್ ವುಕಾಂಗ್. ಅವನು ಹನುಮಂತನಿಂದ ಹುಟ್ಟಿದವನೋ ಅಲ್ಲವೋ ಅಂತ ಚೀನಾದ ವಿದ್ವಾಂಸರೇ ಜಗಳವಾಡಿದ್ದಾರೆ. ಹೂ ಶಿ ಹೌದು ಎಂದರು. ಲೂ ಶುನ್ ಒಪ್ಪದೆ, ಚೀನಾದ ಹಳೆಯ ಪುರಾಣದ ಒಂದು ಜಲಕಪಿಯ ಕಡೆ ಬೆರಳು ತೋರಿಸಿದರು. ನಾನು ತೀರ್ಪು ಕೊಡುವುದಿಲ್ಲ, ಮಕ್ಕಳಿಗೇ ಬಿಡುತ್ತೇನೆ. ಇಬ್ಬರೂ ಹಾರುತ್ತಾರೆ, ಆಕಾರ ಬದಲಿಸುತ್ತಾರೆ. ಆದರೆ ಹನುಮಂತನಿಗೆ ಭಕ್ತಿ ಕಲಿಸಬೇಕಿರಲಿಲ್ಲ, ವುಕಾಂಗನ ತಲೆಗೆ ಬಳೆ ತೊಡಿಸಿ, ಮಂತ್ರ ಹೇಳಿ ಬಿಗಿ ಮಾಡಿದ ಮೇಲೇ ಅವನು ಮಾತು ಕೇಳಿದ್ದು. 'ಅಂದ್ರೆ ವುಕಾಂಗ ನಮ್ ಥರ' ಅಂದ ಒಬ್ಬ ಹುಡುಗ. ಅದೂ ಸರಿಯೇ.

ಎಲ್ಲಾ ಗಂಡಸರೇ ನಡ್ಕೊಂಡು ಹೋಗ್ತಾರೆ. ನನ್ನ ಮಗಳು 'ಹುಡುಗಿಯರು ಹೋಗಲ್ವಾ' ಅಂತಾಳೆ.

ನ್ಯಾಯವಾದ ಪ್ರಶ್ನೆ. 641ರಲ್ಲಿ ಚೀನಾದ ಟಾಂಗ್ ರಾಜವಂಶದ ಅರಮನೆಯಿಂದ ಟಿಬೆಟ್ಟಿನ ದೊರೆಗೆ ಮದುವೆಯಾಗಿ ಹೊರಟ ವನ್‌ಛಂಗ್ ರಾಜಕುಮಾರಿ ಇದ್ದಾಳೆ. ಅವಳು ಜೊತೆಗೆ ಒಯ್ದಳು ಎನ್ನುವ ಬುದ್ಧನ ಮೂರ್ತಿಗೆ ಲಾಸಾದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಆದರೆ ಆ ಪಯಣ ಅವಳು ಆರಿಸಿಕೊಂಡದ್ದಲ್ಲ. ಅದಕ್ಕೇ ನನಗೆ ಹೆಚ್ಚು ಇಷ್ಟ ಇನ್ನೊಬ್ಬ ಹೆಂಗಸು, ಶ್ಯು ಶ್ಯಾಖನ ತಾಯಿ. 1587ರಲ್ಲಿ ಹುಟ್ಟಿದ ಶ್ಯು ಶ್ಯಾಖ ಮೂವತ್ತು ವರ್ಷ ಚೀನಾದ ಬೆಟ್ಟ, ಗುಹೆ, ನದಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ದಿನಚರಿ ಬರೆದವನು. ಅದರ ಮೊದಲ ದಿನ 1613ರ ಮೇ 19, ಈಗ ಆ ದಿನ ಚೀನಾದ ಪ್ರವಾಸೋದ್ಯಮ ದಿನ. ಅಪ್ಪ ತೀರಿಕೊಂಡಿದ್ದಾರೆ, ಅಮ್ಮನನ್ನು ಬಿಟ್ಟು ಹೋಗುವುದು ಹೇಗೆ ಅಂತ ಅವನು ಹಿಂದೆಮುಂದೆ ನೋಡುವಾಗ, ಗಂಡುಮಗ ಗೂಡಿನ ಕೋಳಿಯ ಹಾಗೆ ಮನೆಯಲ್ಲಿ ಕೂರಬಾರದು ಅಂತ ಅವಳೇ ದೂರದ ಪಯಣದ ಟೋಪಿಯೊಂದನ್ನು ಸಿದ್ಧಮಾಡಿ ತಲೆಗಿಟ್ಟು ಕಳಿಸಿದಳು. ಮುಪ್ಪಿನಲ್ಲಿ ತಾನೂ ಅವನ ಜೊತೆ ಒಂದು ಸುತ್ತು ಹೋಗಿ ಬಂದಳು. ನಮ್ಮಲ್ಲಿ ಆ ದಿನ ಎಲ್ಲರೂ ಹಳೆಯ ದಿನಪತ್ರಿಕೆಯಲ್ಲಿ ಟೋಪಿ ಮಡಿಸುತ್ತಾರೆ, ಅದನ್ನು ತಲೆಗಿಡಬೇಕಾದವರು ಅಮ್ಮಂದಿರು.

ನಮ್ಮವನಿಗೆ ಹಡಗಿನ ಹುಚ್ಚು. ಸಮುದ್ರದ ಕಥೆ ಇದ್ಯಾ?

ಯಾಕಿಲ್ಲ, ಚೀನಾದ ನೌಕಾಧಿಪತಿ ಚಂಗ್ ಹ ಇದ್ದಾನಲ್ಲ! 1405ರಿಂದ 1433ರವರೆಗೆ ಏಳು ಸಲ ಅವನ ದೊಡ್ಡ ಹಡಗುಪಡೆ ಪಶ್ಚಿಮ ಸಮುದ್ರಕ್ಕೆ ಬಂತು. ನಮ್ಮ ಪಕ್ಕದ ಕಲ್ಲಿಕೋಟೆ ಅವರ ದೊಡ್ಡ ತಂಗುದಾಣ. ಜೊತೆಗೆ ಬಂದ ದುಭಾಷಿ ಮಾ ಹ್ವಾನ್ ಅಲ್ಲಿಯ ವ್ಯಾಪಾರ ನೋಡಿ ಬೆರಗಾದ. ಇವರ ಬಳಿ ಅಬಾಕಸ್ ಇಲ್ಲ, ಕೈಕಾಲಿನ ಇಪ್ಪತ್ತು ಬೆರಳಲ್ಲೇ ಲೆಕ್ಕ ಹಾಕುತ್ತಾರೆ, ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ಬರೆದಿಟ್ಟ. ಇದನ್ನು ಕೇಳಿದ ಮೇಲೆ ಅಬಾಕಸ್ ಕ್ಲಾಸಿಗೆ ಹೋಗುವ ನಮ್ಮ ಮಕ್ಕಳೆಲ್ಲ ಚಪ್ಪಲಿ ಬಿಚ್ಚಿ ಕಾಲ್ಬೆರಳು ಎಣಿಸತೊಡಗಿದರು. ಆಗ ಚೀನೀಯರ ಎಣಿಕೆ ತೋರಿಸಿ. ಅವರು ಒಂದೇ ಕೈಯಲ್ಲಿ ಹತ್ತರವರೆಗೆ ಎಣಿಸುತ್ತಾರೆ. ಆರಕ್ಕೆ ಹೆಬ್ಬೆರಳು, ಕಿರುಬೆರಳು ಮಾತ್ರ ಚಾಚಬೇಕು, ನಾವು ಫೋನ್ ಮಾಡು ಅಂತ ಸನ್ನೆ ಮಾಡುತ್ತೇವಲ್ಲ ಹಾಗೆ. ಹತ್ತು ಗೊತ್ತಾದರೆ ಮುಂದಿನದು ಸಲೀಸು, ಹನ್ನೊಂದು ಅಂದರೆ 'ಹತ್ತು-ಒಂದು', ಇಪ್ಪತ್ತು ಅಂದರೆ 'ಎರಡು-ಹತ್ತು'.

ಜಿರಾಫೆಯನ್ನು ಬಿಡಬೇಡಿ. 1414ರಲ್ಲಿ ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಒಂದು ಜಿರಾಫೆ ಕಳಿಸಿದ. ಆಸ್ಥಾನದವರು ಪುರಾಣದ ಮಂಗಳಕರ ಪ್ರಾಣಿ 'ಛೀಲಿನ್' ಬಂತು ಎಂದು ಕೊಂಡಾಡಿದರು. ಇಂದಿನ ಚೀನೀ ಮಕ್ಕಳಿಗೆ ಅದು ಬರೀ 'ಛಾಂಗ್‌ಚಿಂಗ್‌ಲೂ', ಉದ್ದ-ಕುತ್ತಿಗೆ-ಜಿಂಕೆ. ಇಂಥ ಜೋಡುಪದಗಳು ಆ ಭಾಷೆಯಲ್ಲಿ ಹೆಜ್ಜೆಹೆಜ್ಜೆಗೂ ಇವೆ. ಪಾಂಡಾ ಅಂದರೆ ಕರಡಿ-ಬೆಕ್ಕು, ಕಂಪ್ಯೂಟರ್ ಅಂದರೆ ವಿದ್ಯುತ್-ಮಿದುಳು, ಸಿನಿಮಾ ಅಂದರೆ ವಿದ್ಯುತ್-ನೆರಳು. ಅರ್ಥ ಹೇಳಿ ವಸ್ತು ಊಹಿಸಲು ಬಿಟ್ಟರೆ ಮಳೆಗಾಲದ ಒಂದು ಸಂಜೆ ಕಳೆಯುತ್ತದೆ.

## ಮಾತು ಮತ್ತು ಬರಹ

ಒಂದೇ ಪದಕ್ಕೆ ನಾಲ್ಕು ರಾಗ ಅಂತೆ, ಅದನ್ನ ಮಕ್ಕಳಿಗೆ ಹೇಗೆ ಅರ್ಥ ಮಾಡಿಸೋದು?

ನಮ್ಮ 'ಹೂಂ' ಸಾಕು. ಅಮ್ಮ ಅಡುಗೆಮನೆಯಿಂದ ಕರೆದಾಗ ಎಳೆದು ಅನ್ನುವ ಹೂಂ, ಕೇಳಿಸದಾಗ ಮೇಲಕ್ಕೆತ್ತುವ ಹೂಂ?, ನಂಬಿಕೆ ಬಾರದಾಗ ಇಳಿದು ಏರುವ ಹೂಂ, ಸಿಟ್ಟಿನಲ್ಲಿ ಕುಕ್ಕುವ ಹೂಂ! ನಾಲ್ಕೂ ಅವರ ಗಂಟಲಲ್ಲಿ ಈಗಾಗಲೇ ಇವೆ. ಅದೇ ನಾಲ್ಕನ್ನು 'ಮಾ' ಮೇಲೆ ಕೂರಿಸಿ. ಸಮನಾಗಿ ಎಳೆದರೆ ಅಮ್ಮ, ಏರಿಸಿದರೆ ಸೆಣಬು, ಇಳಿಸಿ ಏರಿಸಿದರೆ ಕುದುರೆ, ಕುಕ್ಕಿದರೆ ಬೈಯುವುದು. ನಮ್ಮ ಹೂಂನಲ್ಲಿ ಬದಲಾಗುವುದು ಮನಸ್ಸಿನ ಭಾವ, ಅವರಲ್ಲಿ ಬದಲಾಗುವುದು ಪದವೇ. ಈ ವ್ಯತ್ಯಾಸ ಒಮ್ಮೆ ಹೇಳಿಬಿಡಿ, ಇಲ್ಲದಿದ್ದರೆ ಸಿಟ್ಟು ಬಂದಾಗಲೆಲ್ಲ ಕುಕ್ಕಿ ಮಾತಾಡುತ್ತಾರೆ.

ನಾನೇ ಪಟ್ಟ ಪಾಡು ಹೇಳುತ್ತೇನೆ. ಶಿಆನ್‌ಗೆ ಹೋದ ಹೊಸತು. ಒಂದು ಪುಟ್ಟ ಹೋಟೆಲಿನಲ್ಲಿ ನೀರಲ್ಲಿ ಬೇಯಿಸಿದ ಕಡುಬಿನಂಥ 'ಷ್ವೇಯ್‌ಚ್ಯಾವ್' ಕೇಳಬೇಕಿತ್ತು. ಎರಡೂ ಅಕ್ಷರ ಕುಕ್ಕಿಬಿಟ್ಟೆ. ಹಾಗೆ ಕುಕ್ಕಿದರೆ ಅದು ನಿದ್ದೆ. 'ನನಗೆ ನಿದ್ದೆ ಮಾಡಬೇಕು' ಅಂದ ಹೆಂಗಸನ್ನು ನೋಡಿ ಹೋಟೆಲಿನಾಕೆ ಕೆನ್ನೆಗೆ ಕೈಯಾನಿಸಿ, ಕಣ್ಣು ಮುಚ್ಚಿ, ಒಳಗಿನ ಬೆಂಚು ತೋರಿಸಿದಳು. ಆಮೇಲೆ ತಟ್ಟೆ ತುಂಬ ಕಡುಬು ಬಂತು ಅನ್ನಿ.

ಆ ಉಚ್ಚಾರಣೆ ನಮ್ಮ ನಾಲಿಗೆಗೆ ಹೊರಳುತ್ತಾ?

ಇಂಗ್ಲಿಷಿನ ಮೂಲಕ ಹೋದರೆ ಕಷ್ಟ, ಕನ್ನಡ ವರ್ಣಮಾಲೆಯ ಮೂಲಕ ಹೋದರೆ ಅರ್ಧ ದಾರಿ ಸವೆದಂತೆ. ಪಿನ್‌ಯಿನ್‌ನಲ್ಲಿ ಬಿ, ಡಿ, ಜಿ ಎಂದು ಬರೆಯುವ ಅಕ್ಷರಗಳ ಸದ್ದು ನಿಜಕ್ಕೂ ನಮ್ಮ ಪ, ತ, ಕ. ಪಿ, ಟಿ, ಕೆ ಎಂದು ಬರೆಯುವುದು ಫ, ಥ, ಖ. ಬೀಜಿಂಗ್ ಅನ್ನು ಅಲ್ಲಿಯವರು 'ಪೇಯ್‌ಚಿಂಗ್' ಅನ್ನುವುದು ಇದೇ ಕಾರಣಕ್ಕೆ. ಶ, ಷ ಎರಡೂ ಅವರಲ್ಲಿ ಬೇರೆ ಬೇರೆ. ನಾವು ಬರಹದಲ್ಲಿ ಇಟ್ಟುಕೊಂಡು ಬಾಯಲ್ಲಿ ಬಿಟ್ಟಿದ್ದೇವೆ, ಅಷ್ಟೇ. ಮಹಾಪ್ರಾಣದ ಕಥೆಯೂ ಅದೇ. ಅಲ್ಲಿ ನುಂಗಿದರೆ ಅರ್ಥ ಕೆಡುತ್ತದೆ, 'ತೂತ್ಸ' ಅಂದರೆ ಹೊಟ್ಟೆ, 'ಥೂತ್ಸ' ಅಂದರೆ ಮೊಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳಲಿ, ಗಾಳಿ ತಾಗಿದರೆ ಮೊಲ. ನನ್ನ ಚೀನೀ ತರಗತಿಯಿಂದ ಆದ ದೊಡ್ಡ ಲಾಭವೆಂದರೆ ಪಕ್ಕದ ಮನೆ ಹುಡುಗ ಈಗ ಕನ್ನಡದಲ್ಲಿ 'ಭಾಷೆ' ಎಂದು ಸರಿಯಾಗಿ ಅನ್ನುತ್ತಾನೆ!

ವ್ಯಾಕರಣ ತುಂಬಾ ಕಷ್ಟ ಇರಬೇಕಲ್ವಾ?

ಶುರುವಿನಲ್ಲಿ ಇಲ್ಲವೇ ಇಲ್ಲ. ಕ್ರಿಯಾಪದಕ್ಕೆ ನಾನು-ನೀನು-ಅವರು ಎಂದು ಬಾಲ ಬದಲಾಗುವುದಿಲ್ಲ, ಲಿಂಗದ ಗೋಜಿಲ್ಲ. ಹಳೆಯ ಕಾಲದ ಚೀನೀಯರು ಎದುರಾದಾಗ ಕೇಳುತ್ತಿದ್ದದ್ದು 'ಛ ಫ಼ಾನ್ ಲ ಮಾ?' ಅಂತ. ನಮ್ಮ 'ಊಟ ಆಯ್ತಾ?' ಬಿಟ್ಟರೆ ಇದಕ್ಕೆ ಬೇರೆ ಅನುವಾದ ಬೇಡ. 'ಫ಼ಾನ್' ಅಂದರೆ ಅನ್ನವೂ ಹೌದು, ಊಟವೂ ಹೌದು. 'ಲ' ನಮ್ಮ ಆಯ್ತು. ಕೊನೆಯ 'ಮಾ' ನಾವು ಆಯ್ತಿಗೆ ಎಳೆಯುವ ದೀರ್ಘ, ಬಂದ ಕೂಡಲೇ ಪ್ರಶ್ನೆ. ನೆಂಟಸ್ತಿಕೆಯೂ ನಮ್ಮ ಹಾಗೇ. ಅಣ್ಣ 'ಕಕ', ತಮ್ಮ 'ತೀತಿ', ಅಕ್ಕ 'ಚ್ಯೆಚ್ಯೆ', ತಂಗಿ 'ಮೇಯ್‌ಮೇಯ್'. ಅಪ್ಪನ ಅಪ್ಪನಿಗೆ ಒಂದು ಪದ, ಅಮ್ಮನ ಅಪ್ಪನಿಗೆ ಇನ್ನೊಂದು. ಎಲ್ಲರನ್ನೂ ಅಂಕಲ್-ಆಂಟಿ ಮಾಡಿಕೊಂಡ ಮಕ್ಕಳು ಚೀನೀ ಕಲಿಯುವ ನೆಪದಲ್ಲಿ ಚಿಕ್ಕಪ್ಪ ಯಾರು, ಸೋದರಮಾವ ಯಾರು ಅಂತ ಅಜ್ಜಿಯ ಹತ್ತಿರ ಕೇಳಿಕೊಂಡು ಬಂದರು.

ನನ್ನ ಮಗಳು ಆ ಅಕ್ಷರ ನೋಡಿಯೇ ಹೆದರ್ತಾಳೆ ಮಾರಾಯ್ರೆ. ಏನು ಮಾಡುವುದು?

ಪುಸ್ತಕ ಮುಚ್ಚಿಡಿ, ರಂಗೋಲಿ ಡಬ್ಬಿ ತೆಗೆಯಿರಿ. ಎರಡು ಕಾಲಷ್ಟೇ ಎಳೆದರೆ ಮನುಷ್ಯ. ನೆಟ್ಟಗೆ ಕಾಂಡ, ಅದಕ್ಕೆ ಅಡ್ಡ ಕೊಂಬೆ, ಕೊಂಬೆಯ ಬುಡದಿಂದ ಆಚೀಚೆ ಇಳಿದ ಎರಡು ಗೆರೆ, ಇದು ಮರ. ಎರಡು ಮರ ಅಕ್ಕಪಕ್ಕ ನಿಂತರೆ ತೋಪು, ಮೂರು ಸೇರಿದರೆ ದಟ್ಟ ಕಾಡು. ಮೂರು ಶಿಖರ ಎದ್ದರೆ ಬೆಟ್ಟ. ಸೂರ್ಯ ಚಂದ್ರ ಜೊತೆಗಿದ್ದರೆ ಬೆಳಕು. ನನಗೆ ತುಂಬ ಮೆಚ್ಚಿನದು ಇದು: ಮರದ ಪಕ್ಕದಲ್ಲಿ ಮನುಷ್ಯನನ್ನು ನಿಲ್ಲಿಸಿದರೆ 'ವಿಶ್ರಾಂತಿ'. ನಡೆದು ನಡೆದು ಸಾಕಾದ ಶ್ಯು ಶ್ಯಾಖ ಹೀಗೇ ಕೂತಿರಬೇಕು ಅಂತ ಹೇಳಿ, ಆ ಅಕ್ಷರವನ್ನು ಮತ್ತೆ ಮರೆಯುವುದಿಲ್ಲ.

ಆದರೆ ಎಲ್ಲ ಅಕ್ಷರವೂ ಚಿತ್ರ ಎಂದು ನಂಬಿಸಬೇಡಿ, ಆಮೇಲೆ ನಿರಾಸೆಯಾಗುತ್ತದೆ. ಬಹುಪಾಲು ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಭಾಗ ಸದ್ದಿನ ಸುಳಿವು. ಅಮ್ಮ ಅನ್ನುವ ಅಕ್ಷರ ನೋಡಿ. ಎಡಕ್ಕೆ ಹೆಣ್ಣು, ಬಲಕ್ಕೆ ಕುದುರೆ. ಅಮ್ಮನಿಗೂ ಕುದುರೆಗೂ ಸಂಬಂಧವಿಲ್ಲ, ಸದ್ದು ಮಾತ್ರ 'ಮಾ'. (ಸಂಬಂಧ ಇದೆ ಅಂತ ವಾದ ಮಾಡುವ ಅಮ್ಮಂದಿರು ನಮ್ಮ ಬೀದಿಯಲ್ಲಿದ್ದಾರೆ.) ಚೀನಾದ ಅಧಿಕೃತ ಪಟ್ಟಿಯಲ್ಲಿ ನಿತ್ಯಬಳಕೆಯ ಅಕ್ಷರಗಳೇ 3,500. ಅಷ್ಟೂ ಬೇಕು ಅಂದುಕೊಂಡು ಯಾರೂ ಕೂರಬೇಡಿ. ವರ್ಷಕ್ಕೆ ಮೂವತ್ತು ಬಂದರೂ ಹಬ್ಬ.

ಚೀನೀ ಪದಕ್ಕೂ ನಮ್ಮ ಪದಕ್ಕೂ ನೆಂಟಸ್ತಿಕೆ ಇದ್ಯಾ?

ಭಾಷಾ ಕುಟುಂಬ ಬೇರೆ, ಆದರೆ ದಾರಿಹೋಕರು ಎರಡೂ ಕಡೆ ಪದ ಸಾಗಿಸಿದ್ದಾರೆ. ನಮ್ಮ ಚಹಾ ಅವರ 'ಛಾ'. ಅದೇ ಎಲೆಗೆ ಫೂಚ್ಯೆನ್ ಕರಾವಳಿಯವರು 'ತೇ' ಅನ್ನುತ್ತಾರೆ, ಹಡಗಿನಲ್ಲಿ ಯುರೋಪಿಗೆ ಹೋಗಿ ಟೀ ಆಗಿ ನಮಗೆ ಬಂದದ್ದು ಅದು. ಕಾಳಿದಾಸನ ಚೀನಾಂಶುಕ ರೇಷ್ಮೆ ಬಟ್ಟೆ. ಕರಾವಳಿ, ಮಲೆನಾಡಿನವರು ಸಿಹಿಗುಂಬಳಕ್ಕೆ ಚೀನಿಕಾಯಿ ಅನ್ನುತ್ತಾರೆ. ಆ ಕಡೆಗೆ ಹೋದದ್ದೂ ಇದೆ. ಧ್ಯಾನ ಅಲ್ಲಿ 'ಛಾನ್' ಆಯಿತು, ಜಪಾನಿಗೆ ದಾಟಿ ಜೆನ್ ಆಯಿತು. ಕ್ಷಣ 'ಛಾನಾ' ಆಯಿತು. ಸಂಸ್ಕೃತದ ಮಲ್ಲಿಕಾ, ಅಂದರೆ ನಮ್ಮ ಮಲ್ಲಿಗೆ, ಅವರಲ್ಲಿ 'ಮೋಲೀ'. ಮೈಸೂರಿನ ಮಕ್ಕಳಿಗೆ ಇದನ್ನು ಹೇಳಿದ ದಿನ ಅವರ ಗತ್ತು ನೋಡಬೇಕಿತ್ತು.

## ಊಟ, ಹಬ್ಬ

ಅವರು ಹಾವು ಚೇಳು ಎಲ್ಲ ತಿಂತಾರಂತಲ್ಲ, ಮಕ್ಕಳು 'ಥೂ' ಅಂದ್ರೆ ಏನು ಹೇಳ್ಲಿ?

ಎರಡು ವರ್ಷದಲ್ಲಿ ನನ್ನ ನೆರೆಮನೆಯವರು ತಿಂದದ್ದು ಹೆಚ್ಚಾಗಿ ಗೋಧಿ ನೂಡಲ್ಸ್, ಮೊಟ್ಟೆ-ಟೊಮೆಟೊ ಪಲ್ಯ, ಎಲೆಕೋಸು, ತೋಫು, ಹಂದಿಮಾಂಸ. ಕಡ್ಡಿಗೆ ಸಿಕ್ಕಿಸಿದ ಚೇಳು ಪ್ರವಾಸಿಗರ ಬೀದಿಯಲ್ಲಿ ಫೋಟೊಗೆ ಇರುತ್ತದೆ. ದಕ್ಷಿಣದ ಕೆಲವೆಡೆ ಹಾವು ತಿನ್ನುವುದೂ ನಿಜ, ಸುಳ್ಳು ಹೇಳಬೇಡಿ. ನಮ್ಮ ಮಲೆನಾಡಿನಲ್ಲಿ ಚಿಗಳಿ ಚಟ್ನಿ ಇದೆ, ಕೆಂಪಿರುವೆಯದು, ಅದನ್ನೂ ಜೊತೆಗೇ ಹೇಳಿ. ಬೌದ್ಧ ಮಠಗಳಲ್ಲಿ ಪೂರ್ತಿ ಸಸ್ಯಾಹಾರದ ದೊಡ್ಡ ಪರಂಪರೆಯೇ ಇದೆ. 'ವೋ ಛ ಸೂ', ನಾನು ಸಸ್ಯಾಹಾರಿ, ಈ ಮೂರು ಪದ ನನ್ನನ್ನು ಎರಡು ವರ್ಷ ಸಾಕಿತು. ಶಿಆನ್‌ನ 'ಲ್ಯಾಂಗ್‌ಫೀ' ಮನೆಯಲ್ಲೂ ಮಾಡಬಹುದು. ಹಿಟ್ಟಿನ ನೀರನ್ನು ತಟ್ಟೆಯಲ್ಲಿ ಹಬೆಗಿಟ್ಟು, ಆರಿದ ಮೇಲೆ ರಿಬ್ಬನ್ನಿನಂತೆ ಕತ್ತರಿಸಿ, ಸೌತೆಕಾಯಿ, ಬೆಳ್ಳುಳ್ಳಿ, ವಿನೆಗರ್, ಖಾರದೆಣ್ಣೆ ಹಾಕಿ ಕಲಸಿದರೆ ಆಯಿತು. ಮಕ್ಕಳಿಗೆ ಖಾರ ಕಡಿಮೆ.

ಹಬ್ಬ ಒಂದೇ ಒಂದು ಆರಿಸಿಕೊಳ್ಳೋದಾದ್ರೆ?

ಶರತ್ಕಾಲದ ಹುಣ್ಣಿಮೆ. ಚಂದ್ರನಲ್ಲಿ ಮೊಲ ಕಾಣುವುದು ನಮಗೂ ಉಂಟು, ಶಶಾಂಕ ಅನ್ನುವ ಹೆಸರೇ ಅದು. ಅವರ ಮೊಲ ಅಲ್ಲಿ ಕೂತು ಮದ್ದು ಕುಟ್ಟುತ್ತದೆ. ಚೀನಾ 2013ರಲ್ಲಿ ಚಂದ್ರನ ಮೇಲೆ ಇಳಿಸಿದ ಗಾಡಿಗೆ ಆ ಮೊಲದ ಹೆಸರೇ ಇಟ್ಟರು, 'ಯೂಥೂ'. ಹಸಿದ ಅತಿಥಿಗೆ ತನ್ನನ್ನೇ ಅರ್ಪಿಸಿಕೊಂಡ ಮೊಲವನ್ನು ಇಂದ್ರ ಚಂದ್ರನಲ್ಲಿಟ್ಟ ಕಥೆಯನ್ನು ಕಾಶಿಯ ಬಳಿ ಕೇಳಿ ಬರೆದುಕೊಂಡು ಹೋದವರಲ್ಲಿ ನಮ್ಮ ಹ್ಯೂಯೆನ್ ತ್ಸಾಂಗನೂ ಒಬ್ಬ. ಮಹಡಿಗೆ ಕರೆದೊಯ್ದು ತೋರಿಸಿ. 'ಥೂತ್ಸ' ಅನ್ನಲಿ, ಗಾಳಿ ಬರಲಿ, ಇಲ್ಲದಿದ್ದರೆ ಚಂದ್ರನಲ್ಲಿ ಹೊಟ್ಟೆ ಕಾಣುತ್ತದೆ.

## ಸ್ವಲ್ಪ ಮುಂದೆ ಹೋದವರಿಗೆ

ನಾವು ಸಿಂಗಪುರದಲ್ಲಿದ್ದೇವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಚೀನೀ. ಮಗುವಿಗೆ ಗೊಂದಲ ಆಗೋದಿಲ್ವಾ?

ಅಲ್ಲಿಯ ಶಾಲೆಗಳ ಮಾತೃಭಾಷೆಗಳಲ್ಲಿ ತಮಿಳು, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ, ಕನ್ನಡ ಇಲ್ಲ. ಹಾಗಾಗಿ ಕೆಲವರು ಚೀನೀ ಆರಿಸಿಕೊಳ್ಳುತ್ತಾರೆ. ಮೂರು ಭಾಷೆಯ ಗೊಂದಲಕ್ಕೆ ಹೆದರಬೇಡಿ, ಬೆಳಗಾವಿಯ ಓಣಿಯಲ್ಲಿ ಬೆಳೆದವರನ್ನು ಕೇಳಿ ನೋಡಿ. ನನ್ನ ಆತಂಕ ಬೇರೆ. ಚೀನೀ ಅಂಕದ ಭಾಷೆ, ಕನ್ನಡ ಬೈಸಿಕೊಳ್ಳುವ ಭಾಷೆ ಆಗಿಬಿಟ್ಟರೆ ಮಗು ಎರಡರಿಂದಲೂ ತಪ್ಪಿಸಿಕೊಳ್ಳುತ್ತದೆ. ಶಾಲೆಯಲ್ಲಿ ಕಲಿತ ಚೀನೀ ಕಥೆಯನ್ನು ಊರಿನ ಅಜ್ಜನಿಗೆ ಫೋನಿನಲ್ಲಿ ಕನ್ನಡದಲ್ಲಿ ಹೇಳಲಿ. ಅಜ್ಜನಿಗೆ ಅರ್ಥವಾಗುವ ಹಾಗೆ ಹೇಳಬೇಕಾದಾಗ ಎರಡೂ ಭಾಷೆ ಕೆಲಸ ಮಾಡುತ್ತವೆ.

ಚೀನೀ ಅಂದ್ರೆ ಇಡೀ ದೇಶಕ್ಕೆ ಒಂದೇ ಭಾಷೆನಾ?

ಅಲ್ಲ. ಶಾಲೆ, ಟಿವಿ, ಕಚೇರಿಯದು ಮ್ಯಾಂಡರಿನ್. ಗ್ವಾಂಗ್‌ಚೋ, ಹಾಂಕಾಂಗ್ ಕಡೆಯ ಕ್ಯಾಂಟನೀಸ್ ಕಿವಿಗೆ ಬೇರೆಯೇ ಭಾಷೆ. ಟಿಬೆಟನ್, ಉಯ್ಗುರ್, ಮಂಗೋಲಿಯನ್‌ಗಳಂತೂ ಸಂಪೂರ್ಣ ಬೇರೆ. ತೈವಾನ್, ಹಾಂಕಾಂಗ್‌ಗಳಲ್ಲಿ ಹೆಚ್ಚು ಗೆರೆಗಳ ಹಳೆಯ ಲಿಪಿ, ಮುಖ್ಯ ಚೀನಾ ಮತ್ತು ಸಿಂಗಪುರದಲ್ಲಿ ಸರಳ ಮಾಡಿದ ಲಿಪಿ. ಮಗುವಿಗೆ ಒಂದನ್ನೇ ಹಿಡಿಸಿ.

'ಚೀನಾ ನಮ್ಮ ಶತ್ರು ಅಲ್ವಾ?' ಅಂತ ಮಗ ಕೇಳಿದ. ನಾನು ಸುಮ್ಮನಾದೆ.

ನನಗೂ ಮೊದಲ ಸಲ ಹಾಗೇ ಆಯಿತು. ಈಗ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. 1962ರಲ್ಲಿ ಯುದ್ಧ ಆಯಿತು. 2020ರಲ್ಲಿ ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಸತ್ತರು. ಗಡಿಯ ತಕರಾರು ಇನ್ನೂ ಇದೆ. ಅಲ್ಲಿಯವರೆಲ್ಲ ದೇವರಂಥವರು ಎಂದು ಬಣ್ಣ ಹಚ್ಚಿದರೆ ಹತ್ತು ವರ್ಷದ ಹುಡುಗನಿಗೇ ಗೊತ್ತಾಗುತ್ತದೆ. ಅದನ್ನು ಹೇಳಿದ ಮೇಲೆ ಡಾಕ್ಟರ್ ಕೋಟ್ನೀಸರ ಕಥೆ ಹೇಳುತ್ತೇನೆ. ವಿಜಯಪುರದಿಂದ ನೂರು ಕಿಲೋಮೀಟರ್ ಆಚೆಯ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದವರು ದ್ವಾರಕಾನಾಥ ಕೋಟ್ನೀಸ್. ಜಪಾನ್ ಚೀನಾದ ಮೇಲೆ ಬಿದ್ದಾಗ 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರಲ್ಲಿ ಒಬ್ಬರು. ಗಾಯಾಳುಗಳ ಶಸ್ತ್ರಚಿಕಿತ್ಸೆ ಮಾಡುತ್ತ ಅಲ್ಲೇ ಉಳಿದರು, ಚೀನೀ ಮಾತು ಕಲಿತರು, ಅಲ್ಲಿಯ ದಾದಿಯೊಬ್ಬರನ್ನು ಮದುವೆಯಾದರು, 1942ರ ಡಿಸೆಂಬರಿನಲ್ಲಿ 32ನೇ ವಯಸ್ಸಿಗೆ ತೀರಿಕೊಂಡರು. ಮಗನಿಗೆ ಇಟ್ಟ ಹೆಸರು ಯಿನ್‌ಹ್ವಾ. 'ಯಿನ್' ಭಾರತ, 'ಹ್ವಾ' ಚೀನಾ. ಷ್‌ಚ್ಯಾಚ್ವಾಂಗ್ ಊರಿನಲ್ಲಿ ಅವರ ಸಮಾಧಿ ಇದೆ. ಎರಡೂ ಕಥೆ ನಿಜ. ಮಗ ಎರಡನ್ನೂ ತಲೆಯಲ್ಲಿಟ್ಟುಕೊಂಡು ತಬ್ಬಿಬ್ಬಾದರೆ ಆಗಲಿ, ನಾವೇನು ಸರಿಹೋಗಿದ್ದೇವಾ?

ನಿಜವಾಗ್ಲೂ ಕರ್ಕೊಂಡು ಹೋಗೋದಾದ್ರೆ ಎಲ್ಲಿಗೆ?

ದುಡ್ಡು, ರಜೆ ಎರಡೂ ಕೂಡಿಬಂದರೆ ಶಿಆನ್. ನಾನು ಇದ್ದ ಊರೆಂಬ ಪಕ್ಷಪಾತ ಇದೆ, ಒಪ್ಪುತ್ತೇನೆ. ಆದರೆ ಹ್ಯೂಯೆನ್ ತ್ಸಾಂಗ್ ಹೊರಟದ್ದೂ, 645ರಲ್ಲಿ 20 ಕುದುರೆಗಳ ಮೇಲೆ 657 ಗ್ರಂಥ ಹೇರಿಕೊಂಡು ಮರಳಿದ್ದೂ ಇದೇ ಊರಿಗೆ, ಆಗ ಅದು ಛಾಂಗ್‌ಆನ್. ಆ ಗ್ರಂಥಗಳಿಗಾಗಿ 652ರಲ್ಲಿ ಕಟ್ಟಿಸಿದ ಗೋಪುರ ಮುಂದೆ ಮತ್ತೆ ಮತ್ತೆ ದುರಸ್ತಿಯಾಗಿ ಇಂದಿಗೂ ಏಳು ಅಂತಸ್ತಿನಲ್ಲಿ ನಿಂತಿದೆ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಮಣ್ಣಿನ ಸೈನಿಕರನ್ನು ನೋಡಿದರೆ ಮಕ್ಕಳ ಬಾಯಿ ಮುಚ್ಚುವುದಿಲ್ಲ. 2020ರಿಂದ ನಿಂತಿದ್ದ ಭಾರತ-ಚೀನಾ ನಡುವಿನ ನೇರ ವಿಮಾನಗಳು 2025ರ ಅಕ್ಟೋಬರಿನಿಂದ ಮತ್ತೆ ಹಾರುತ್ತಿವೆ. ಅಲ್ಲಿ ಒಂದು ಸಲವಾದರೂ ರೈಲು ಹತ್ತಿಸಿ. ರೈಲಿಗೆ 'ಹ್ವೋಛ' ಅನ್ನುತ್ತಾರೆ, ಬೆಂಕಿ-ಗಾಡಿ. ನಮ್ಮ ಹಿರಿಯರ ಉಗಿಬಂಡಿಯ ಅಣ್ಣ.

ಕಥೆ ಮುಗಿದ ಮೇಲೆ ಮಕ್ಕಳು ಕೇಳೋ ಪ್ರಶ್ನೆಗೆ ಉತ್ತರ ಎಲ್ಲೂ ಸಿಗದಿದ್ರೆ?

ಹ್ಯೂಯೆನ್ ತ್ಸಾಂಗ್ ಊರಿಗೆ ಮರಳುವಾಗ ಸಿಂಧೂ ನದಿ ದಾಟಬೇಕಿತ್ತು. ಅವನು ಆನೆಯ ಮೇಲೆ, ಗ್ರಂಥಗಳು ದೋಣಿಯಲ್ಲಿ. ನಡುನೀರಿನಲ್ಲಿ ಗಾಳಿ ಎದ್ದು ದೋಣಿ ಓಲಾಡಿ, 50 ಹಸ್ತಪ್ರತಿಗಳ ಜೊತೆಗೆ ಅವನು ನಮ್ಮ ದೇಶದಿಂದ ಒಯ್ಯುತ್ತಿದ್ದ ಹೂವಿನ ಬೀಜಗಳೂ ನೀರುಪಾಲಾದವು. ಈ ಕಥೆ ಹೇಳಿದಾಗ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: 'ಯಾವ ಹೂವು?' ಅದನ್ನು ಯಾರೂ ಬರೆದಿಟ್ಟಿಲ್ಲ, ನೀನೇ ಯೋಚಿಸು ಅಂದೆ. 'ಮಲ್ಲಿಗೆ' ಅಂದಳು, ತಡಮಾಡಲಿಲ್ಲ. ಮಲ್ಲಿಗೆ ಅದಕ್ಕೂ ಮುಂಚೆಯೇ ಅಲ್ಲಿಗೆ ಹೋಗಿ 'ಮೋಲೀ' ಆಗಿತ್ತಲ್ಲ ಪುಟ್ಟಿ ಅಂದೆ. ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಹೋದವಳು ಅಲ್ಲಿಂದಲೇ ತಿರುಗಿ ಕೂಗಿದಳು: 'ಹಾಗಾದ್ರೆ ಸಂಪಿಗೆ!'